ಅವ್ವನ ಮೊಣಕಾಲು ಮತ್ತು ಸಿಂಗಾಪುರ

ಈಚೆಗೆ ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವನ ಮೊಣಕಾಲುಗಳ ಬಗ್ಗೆ ಒಂದು ಉನ್ನತ ಮಟ್ಟದ ಸಭೆ ನಡೆಯಿತು. ಮೊಣಕಾಲುಗಳ ಮಾಲೀಕರಿಗೆ ಮಾತ್ರ ಆಹ್ವಾನ ಇರಲಿಲ್ಲ.

ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಒಬ್ಬ ಟ್ರಾವೆಲ್ ಏಜೆಂಟ್. ವಿಷಯ, ಎಪ್ಪತ್ತೈದು ದಾಟಿದ, ಮೊಣಕಾಲು ನೋಯುವ ಅವ್ವನನ್ನು ಸಿಂಗಾಪುರಕ್ಕೆ ಕರೆದೊಯ್ಯುವುದು. ಏಜೆಂಟರು ‘ಜೆಂಟಲ್ ಪ್ಯಾಕೇಜ್’ ತಂದಿದ್ದರು. ಹಾಗೆಂದರೇನು? ತಡವಾಗಿ ಏಳುವುದು, ಒಂದು ಹೂದೋಟ ನೋಡುವುದು, ಮಧ್ಯಾಹ್ನ ಮಲಗುವುದು, ಸಂಜೆ ದೋಣಿಯಲ್ಲಿ ಕೂರುವುದು. (ದೋಣಿಯೊಂದನ್ನು ಬಿಟ್ಟರೆ, ನಮ್ಮ ಓಣಿಯ ಹಲವು ಗಂಡಸರು ಇದನ್ನು ಪಾಸ್‌ಪೋರ್ಟ್ ಇಲ್ಲದೆಯೇ ನಡೆಸಿಕೊಂಡು ಬಂದಿದ್ದಾರೆ.)

ಹಿರಿಯರನ್ನು ತಿರುಗಾಡಿಸುವ ವಿದ್ಯೆಯಲ್ಲಿ ನಾವೀಗ ಬಹಳ ಮುಂದುವರಿದಿದ್ದೇವೆ. ಅವರ ಬಿಪಿ ಗೊತ್ತು, ಶುಗರ್ ಗೊತ್ತು, ಎಷ್ಟು ಮೆಟ್ಟಿಲು ಹತ್ತಬಲ್ಲರು ಎಂಬುದೂ ಗೊತ್ತು. ಎಲ್ಲಿಗೆ ಹೋಗಬೇಕು ಎಂಬುದನ್ನೊಂದು ಕೇಳುವುದಿಲ್ಲ. ಅಷ್ಟು ಸಣ್ಣ ವಿಷಯಕ್ಕೆ ಅವರಿಗೇಕೆ ತೊಂದರೆ?

ಅವ್ವ ಒಪ್ಪಿದ ವೇಗ ಮಾತ್ರ ನನಗೆ ಅನುಮಾನ ತಂದಿತು. ಪ್ರಪಂಚದ ಆ ತುದಿಯಿಂದ ಜನ ಹಂಪಿ ನೋಡಲು ಬರುತ್ತಾರೆ. ಕೂಗಳತೆಯಲ್ಲಿರುವ ಅವ್ವ ಅಲ್ಲಿಗೂ ಏಳುವವಳಲ್ಲ. ಕಲ್ಲು ನೋಡಲು ಬಿಸಿಲಿಗೆ ಹೋಗಬೇಕೇ ಎಂಬುದು ಅವಳ ನಿಲುವು. ಅಂಥವಳು ಸಿಂಗಾಪುರ ಎಂದೊಡನೆ ಹೂಂ ಎಂದಳು. ಯಾವಾಗ ಹೊರಡುವುದೆಂದು ಕೇಳಿದಳು. ಮುಂದಿನ ತಿಂಗಳು ಎಂದೆ.

“ಹಂಗಾದ್ರ ನಾಳಿಂದನ ಹೇಳಾಕ ಹೋಗಬೇಕು.”

ಹೊರಗಿನ ಓದುಗರಿಗಾಗಿ ಒಂದು ಮಾತು. ನಮ್ಮವರು ದೂರದ ಊರಿಗೆ ಹೋಗುವ ಮುನ್ನ ಬಂಧುಬಳಗದ ಮನೆಮನೆಗೆ ಖುದ್ದಾಗಿ ಹೋಗಿ ‘ಹೇಳಿ ಬರಬೇಕು’. ತಿರುಗಿ ಬಂದ ಮೇಲೆ ಮತ್ತೆ ಹೋಗಿ ‘ಬಂದೆವು’ ಎನ್ನಬೇಕು. ಫೋನು ಲೆಕ್ಕಕ್ಕಿಲ್ಲ. ನಾನು ಆಗಲೇ ಕುಟುಂಬದ ವಾಟ್ಸಪ್ ಗ್ರೂಪಿನಲ್ಲಿ ಸುದ್ದಿ ಹಾಕಿದ್ದೇನೆ, ಎಲ್ಲರೂ ಕೈಮುಗಿದಿದ್ದಾರೆ ಎಂದು ಹೆಮ್ಮೆಯಿಂದ ವರದಿ ಒಪ್ಪಿಸಿದೆ.

“ಅದು ಹೇಳಿದ್ದಲ್ಲಪ್ಪ, ಡಂಗುರ ಹೊಡಿಸಿದ್ದು” ಎಂದಳು ಅವ್ವ.

ಹೀಗೆ ಜೆಂಟಲ್ ಪ್ರವಾಸದ ಮೊದಲ ಹಂತ ಅದಿರು ಲಾರಿಗಳ ಹಿಂದೆ, ಕೆಂಪು ದೂಳಿನಲ್ಲಿ ಆರಂಭವಾಯಿತು. ದೋಣಿಮಲೈ ಗಣಿಯ ಕ್ವಾರ್ಟರ್ಸಿನಲ್ಲಿರುವ ನನ್ನ ತಂಗಿ ಉಪ್ಪಿಟ್ಟು ಕೊಟ್ಟು, ಸ್ವೆಟರ್ ಒಯ್ಯಿರಿ ಎಂದಳು. ವಡ್ಡು ಎಂಬ ಹಳ್ಳಿಯ ಚಿಕ್ಕಪ್ಪನ ಮನೆಯಲ್ಲಿ ಮಂಡಕ್ಕಿ, ಮಿರ್ಚಿ ಕೊಟ್ಟು, ಅಲ್ಲಿ ಸೆಕೆ, ಸ್ವೆಟರ್ ಯಾಕೆ ಎಂದರು. ಒಲ್ಲೆ ಎನ್ನಲು ಬರುವುದಿಲ್ಲ. ಎರಡೂ ತಿಂದೆವು, ಎರಡಕ್ಕೂ ತಲೆಯಾಡಿಸಿದೆವು.

ಮರುದಿನ ಕಂಪ್ಲಿ. ಅಲ್ಲಿ ಅವ್ವನ ತಮ್ಮ, ನನ್ನ ಸೋದರಮಾವ ಇದ್ದಾನೆ. ಸಿಂಗಾಪುರದಾಗ ನೆಲ್ಲು ಬೆಳೆಯುತ್ತಾರೇನು ಎಂದು ವಿಚಾರಿಸಿದ. ಇಲ್ಲ ಎಂದೆ.

“ಮತ್ತೇನು ನೋಡಾಕ ಹೊಂಟೀರಿ?”

ಏಜೆಂಟರ ಬಣ್ಣದ ಪುಸ್ತಿಕೆ ಕೈಗಿತ್ತರೆ, ಮಾವ ಅದರಲ್ಲೂ ಗದ್ದೆಯನ್ನೇ ಹುಡುಕತೊಡಗಿದ.

ಅಷ್ಟರಲ್ಲಿ ಅವ್ವ ಒಳಕೋಣೆಗೆ ಹೋಗಿ, ಇಳಕಲ್ ಸೀರೆ ಉಟ್ಟು ಬಂದಳು. ಹೊಸದು. ಚೀಲದಲ್ಲಿ ಅದು ಇದ್ದದ್ದೇ ನನಗೆ ಗೊತ್ತಿರಲಿಲ್ಲ. “ಹೆಂಗೂ ಇಲ್ಲಿ ತನಕ ಬಂದೀವಿ. ಮೆಟ್ರಿ ಮ್ಯಾಲೆ ಹೋಗೂನು” ಎಂದಳು, ದಾರಿಯಲ್ಲಿ ಕೊತ್ತಂಬರಿ ಕೊಳ್ಳೋಣ ಎನ್ನುವ ದನಿಯಲ್ಲಿ.

ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು.

ಕಂಪ್ಲಿ ಹತ್ತಿರದ ಹಳ್ಳಿ ಮೆಟ್ರಿಯಲ್ಲಿ ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ ಇದ್ದಾಳೆ. ಹಲವು ವರ್ಷಗಳ ಹಿಂದೆ ಕಾಶಿಯ ಬಸ್ಸಿನಲ್ಲಿ ಕೊನೆ ಗಳಿಗೆಯಲ್ಲಿ ಒಂದು ಸೀಟು ಖಾಲಿಯಾಗಿ, ಅವ್ವ ಅಕ್ಕನಿಗೆ ಹೇಳದೆ ಹತ್ತಿಬಿಟ್ಟಿದ್ದಳು. ದೊಡ್ಡವ್ವನಿಗೆ ಸುದ್ದಿ ತಿಳಿದದ್ದು ಪಕ್ಕದ ಮನೆಯವರಿಂದ. ಅಂದೇ ಮಾತು ನಿಂತಿತು. ಕಾಶಿಯಲ್ಲಿ ಮುಳುಗು ಹಾಕಿ ಅವ್ವ ಸಕಲ ಪಾಪಗಳನ್ನೂ ಕಳೆದುಕೊಂಡಳು. ಇದೊಂದು ಮಾತ್ರ ಅವಳಿಗಿಂತ ಮೊದಲೇ ಊರಿಗೆ ಬಂದು ಕಾಯುತ್ತಿತ್ತು. ಆಮೇಲೆ ಮದುವೆಗಳಲ್ಲಿ ಅಕ್ಕತಂಗಿಯರು ಒಂದೇ ಪಂಕ್ತಿಯಲ್ಲಿ ಕೂತದ್ದನ್ನು ಯಾರೂ ನೋಡಿಲ್ಲ.

ದೊಡ್ಡವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನಷ್ಟೇ ನೋಡಿದಳು.

“ಯಾರಪ್ಪ ನಿನ್ನ ಜೊತಿ ಬಂದಾಕಿ?”

ಅವ್ವನೂ ನನ್ನನ್ನೇ ನೋಡಿದಳು. “ನಿಮ್ಮ ದೊಡ್ಡವ್ವಗ ಹೇಳು, ಸಿಂಗಾಪುರಕ್ಕ ಹೊಂಟೀನಿ, ಹೇಳಾಕ ಬಂದೀನಿ ಅಂತ.”

“ಕಾಶಿಗೆ ಹೋಗೋ ಮುಂದ ಬಾಯಿ ಮನ್ಯಾಗ ಇಟ್ಟು ಹೋಗಿದ್ಲೇನು, ಕೇಳು.”

ಇಬ್ಬರ ನಡುವೆ ಇದ್ದದ್ದು ಒಂದು ಮೊರದಷ್ಟು ಅಂತರ. ನಾನು ಕನ್ನಡದಿಂದ ಕನ್ನಡಕ್ಕೆ ದುಭಾಷಿಯಾಗಿ ನೇಮಕಗೊಂಡು ಬೆವರುತ್ತಿದ್ದೆ.

ಅವ್ವ ಸೆರಗಿನ ತುದಿ ಹಿಡಿದುಕೊಂಡಳು. “ತಪ್ಪಾತು ಅನ್ನು” ಎಂದಳು. ದನಿ ಸಣ್ಣದಾಗಿತ್ತು.

ಕರ್ತವ್ಯನಿಷ್ಠೆಯಿಂದ ಬಾಯಿ ತೆರೆದೆ.

“ನೀ ಸುಮ್ನಿರಲೇ, ನಂಗ ಕೇಳಿಸೈತಿ” ಎಂದಳು ದೊಡ್ಡವ್ವ. ಮೊರವನ್ನು ಪಕ್ಕಕ್ಕೆ ಸರಿಸಿದಳು. ಮೊದಲ ಸಲ ತಂಗಿಯತ್ತ ನೋಡಿದಳು. “ನಿಂತ ಅದೀಯಲ್ಲ, ಮೊಣಕಾಲು ನೋಯಂಗಿಲ್ಲೇನು? ಕುಂದ್ರು.”

ನಮ್ಮ ಉನ್ನತ ಮಟ್ಟದ ಸಭೆ ಒಂದು ಸಂಜೆಯೆಲ್ಲ ಚರ್ಚಿಸಿದ ವಿಷಯ ಅಲ್ಲಿಗೆ ಇತ್ಯರ್ಥವಾಯಿತು. ಅವ್ವ ಕೂತಳು. ಮೊರ ಈಗ ಇಬ್ಬರ ತೊಡೆಯ ಮೇಲಿತ್ತು. ಬೇಳೆಯಲ್ಲಿ ಕಲ್ಲು ಮುಗಿದು ಎಷ್ಟೋ ಹೊತ್ತಾಗಿದ್ದರೂ ಆರಿಸುತ್ತಲೇ ಇದ್ದರು. ನನಗೆ ಚಹಾ ಕೊಡಬೇಕೆಂಬುದು ಯಾರಿಗೂ ಹೊಳೆಯಲಿಲ್ಲ.

ಹೊರಡುವಾಗ ದೊಡ್ಡವ್ವ ತಂಗಿಯ ಹಣೆಗೆ ವಿಭೂತಿ ಹಚ್ಚಿದಳು. ಒಣಗಿಸಿದ ಕಟಿರೊಟ್ಟಿ, ಶೇಂಗಾಚಟ್ನಿಯ ಬುತ್ತಿ ಕಟ್ಟಿಕೊಟ್ಟಳು. ಇದು ವಿಮಾನದಾಗ ಬಿಚ್ಚಬೇಕು, ಮನೆಯಾಗ ಬಿಚ್ಚಿದರೆ ನನ್ನ ಆಣೆ ಎಂದು ತಾಕೀತು ಮಾಡಿ, ಕಾರಿನ ಕಿಟಕಿಯಲ್ಲಿ ಬಗ್ಗಿ ಇನ್ನೊಂದು ಮಾತು ಸೇರಿಸಿದಳು. “ಹೋಗಿ ಬಂದ ಮ್ಯಾಲೆ ಬಂದು ಹೇಳಬೇಕು ಮತ್ತ.”

ದಾರಿಯಲ್ಲಿ ನನ್ನ ಸೊಂಟ ತನ್ನ ಅಹವಾಲು ಮಂಡಿಸತೊಡಗಿತ್ತು. ಬಂದ ಕೆಲಸ ಆಯಿತಲ್ಲ, ಇನ್ನು ಸಿಂಗಾಪುರ ಯಾಕೆ, ಕ್ಯಾನ್ಸಲ್ ಮಾಡಿಬಿಡಲೇ ಎಂದು ಮೆಲ್ಲಗೆ ಕೇಳಿದೆ. ಅವ್ವ ಬುತ್ತಿಯನ್ನು ತೊಡೆಯ ಮೇಲೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ಹೋಗದನ ‘ಬಂದೀನಿ’ ಅಂತ ಹ್ಯಾಂಗ ಹೇಳಾಕ ಬರ್ತೈತಲೇ?”

ನಿನ್ನೆ ಏಜೆಂಟರ ಫೋನು. ಅಮ್ಮಾರಿಗೆ ಅಲ್ಲಿ ಮುಖ್ಯವಾಗಿ ಏನು ನೋಡಬೇಕಂತೆ ಸರ, ಹೂದೋಟವೋ, ಮೀನಿನ ಮನೆಯೋ ಎಂದರು. ಅವ್ವನನ್ನು ಕೇಳಿದೆ. (ಹೌದು, ಕೊನೆಗೂ ಕೇಳಿದೆ.)

“ವಾಪಸ್ ಯಾವತ್ತು ಬರ್ತೀವಿ, ಅದನ್ನ ಕೇಳಪ್ಪ. ಅಕ್ಕಗ ಹೇಳಬೇಕು.”

ಹೊಸಪೇಟೆಯಿಂದ ಮೆಟ್ರಿಗೆ ಸಿಂಗಾಪುರದ ಮೇಲೆಯೇ ಹೋಗಬೇಕೆಂದು ಯಾವ ಮ್ಯಾಪಿನಲ್ಲಿ ತೋರಿಸುತ್ತಾರೆ ಸ್ವಾಮಿ?