ಹೊಸ ಹೆಸರಿನ ಹೆದರಿಕೆ

ನಾನು ಹುಟ್ಟಾ ಪುಕ್ಕಲ. ಹಾವು ಚೇಳಿಗೆ ಹೆದರುತ್ತೇನೆಂದು ತಿಳಿಯಬೇಡಿ. ಇಂಡಿ ತಾಲೂಕಿನ ಬಿಸಿಲಿನಲ್ಲಿ ಲಿಂಬೆ ತೋಟ ಮಾಡುವವನಿಗೆ ಅವು ನೆರೆಹೊರೆ ಇದ್ದ ಹಾಗೆ. ನನಗೆ ಹೆದರಿಕೆ ಹೊಸ ಬೋರ್ಡುಗಳದ್ದು. ಪರಿಚಯದ ಖಾನಾವಳಿ ಹೆಸರು ಬದಲಿಸಿದರೆ ರೊಟ್ಟಿಯೂ ಬದಲಾಗಿರಬಹುದೆಂದು ಹೊರಗಿನಿಂದಲೇ ವಾಸನೆ ನೋಡಿ ಮುಂದೆ ಹೋಗುವ ಗಿರಾಕಿ ನಾನು.

ಹೀಗಿರುವಾಗ ಒಂದು ಮುಂಜಾನೆ ಫೋನು ತೆಗೆದರೆ ಹಕ್ಕಿ ಇಲ್ಲ! ಜಗತ್ತಿನ ಹರಟೆಯೆಲ್ಲ ಕೂಡುವ, ನೀಲಿ ಹಕ್ಕಿಯ ಚಿತ್ರದ ಆ ಆ್ಯಪಿಗೆ ನಮ್ಮಲ್ಲಿ ಹಕ್ಕಿ ಎಂದೇ ಹೆಸರು. ಮಳೆಯ ಸುದ್ದಿಗೆ ನಾನು ದಿನಾ ಅದನ್ನು ಒತ್ತುತ್ತಿದ್ದೆ. ಹಕ್ಕಿ ಕೂತಿದ್ದ ಜಾಗದಲ್ಲಿ ಕರಿ ಚೌಕ, ಅದರೊಳಗೆ ಮಾಸ್ತರರು ತಪ್ಪು ಉತ್ತರಕ್ಕೆ ಹೊಡೆಯುವ ಕಾಟಿನಂಥ ಗುರುತು. ಪಕ್ಕದ ತೋಟದ ಮಲ್ಲಪ್ಪ ಓಡುತ್ತ ಬಂದ.

“ಯಾವನೋ ಕಳ್ಳ ಒಳಗ ಹೊಕ್ಕಾನಪಾ! ಮೊದ್ಲ ತಗದ್ ಒಗಿ ಅದನ್ನ. ನಾ ಆಗ್ಲೇ ಒಗದ್ನಿ.”

ಆ್ಯಪು ಕಿತ್ತು ಒಗೆದವನಿಗೆ ಮತ್ತೆ ಒಳಗೆ ಹೋಗಲು ಪಾಸ್‌ವರ್ಡ್ ನೆನಪಿರಲಿಲ್ಲ. ಅವನು ಹಾಕಿದ್ದ ಗಿಡದ ಫೋಟೋಗಳು, ಗೆಳೆಯರು, ಜಗಳಗಳು ಎಲ್ಲವೂ ಅಲ್ಲೇ ಉಳಿದವು. ಕಳ್ಳ ಯಾರೂ ಹೊಕ್ಕಿರಲಿಲ್ಲ, ಮಾಲೀಕನೇ ಹೆಸರೂ ಗುರುತೂ ಬದಲಿಸಿದ್ದ. ಬೋರ್ಡು ಬದಲಿಸುವುದರ ಗಂಡಾಂತರ ಇದೇ ನೋಡಿ. ಮಾಲೀಕ ತನ್ನ ಮನೆಗೆ ಸುಣ್ಣ ಬಳಿದೆ ಅಂದುಕೊಂಡಿರುತ್ತಾನೆ, ಬರುವ ಹೋಗುವವರು ಮನೆಯೇ ಮಾರಿಹೋಯಿತು ಅಂದುಕೊಳ್ಳುತ್ತಾರೆ.

ನನ್ನ ಮಗಳು ಮಹಾದೇವಿ ಮಾತ್ರ ನಕ್ಕಳು. ಕೃಷಿ ಓದಿದವಳು. ಲಿಂಬೆಗೆ ಬರುವ ಕಜ್ಜಿ ರೋಗದ ಬಗ್ಗೆ ಅದೇ ಆ್ಯಪಿನಲ್ಲಿ ಬರೆಯುತ್ತಾಳೆ. ಚಡಚಣದಿಂದ ಆಲಮೇಲದವರೆಗೆ ಬೆಳೆಗಾರರಿಗೆ ಅವಳು ಮಾದೇವಕ್ಕ.

“ಹೆಸರ್ ಹೋದ್ರ ಏನಾತಪ್ಪಾ? ಮಂದಿ ಇನ್ನೂ ಹಕ್ಕಿ ಅಂತಾರಲ್ಲ” ಎಂದಳು.

ಹೌದಲ್ಲ ಎನಿಸಿ ಸಮಾಧಾನವಾಯಿತು. ಬಸ್ಸಿನ ಮೇಲೆ ವಿಜಯಪುರ ಎಂದು ಬರೆದಿದ್ದರೂ ನಾವು ಹತ್ತುವುದು ಬಿಜಾಪುರದ ಬಸ್ಸನ್ನೇ. ಆದರೆ ಪುಕ್ಕಲನಿಗೆ ಓದುವ ಚಟ ಇರಬಾರದು. ನಮ್ಮ ಸಾಲೋಟಗಿಯ ಹಳೆಯ ಶಾಸನದಲ್ಲಿ ಆ ಊರಿನ ಹೆಸರು ಪಾವಿಟ್ಟಗೆ. ಒಮ್ಮೆ ಅಲ್ಲಿಯ ಕಟ್ಟೆಯ ಮೇಲೆ ಕೂತ ಹಿರಿಯರನ್ನು ಪಾವಿಟ್ಟಗೆ ಎಲ್ಲಿ ಎಂದು ಕೇಳಿದೆ. “ಈ ಕಡೆ ಅಂಥಾ ಊರs ಇಲ್ರಿ” ಎಂದರು. ಅವರು ಕೂತದ್ದು ಪಾವಿಟ್ಟಗೆಯಲ್ಲೇ! ಮಂದಿಯ ಬಾಯಿ ಹಳೆಯ ಹೆಸರನ್ನು ಕಾಯುತ್ತದೆ ನಿಜ, ಆ ಬಾಯಿಗಳು ಇರುವ ತನಕ.

ಈ ವಿಚಾರ ನನ್ನನ್ನು ಈಗ ಕಾಡಲು ಕಾರಣವಿದೆ. ಮಹಾದೇವಿಗೆ ಬಾಗೇವಾಡಿಯ ಸಂಬಂಧ ಕೂಡಿಬಂದಿದೆ. ಹುಡುಗ ಒಳ್ಳೆಯವನು, ಮಂದಿ ಒಳ್ಳೆಯವರು. ನಿಶ್ಚಯದ ದಿನ ಬೀಗರು ಚಹಾ ಕುಡಿಯುತ್ತ, “ನಮ್ಮ ಮನಿತನದಾಗ ಸೊಸಿಗೆ ಹೊಸಾ ಹೆಸರ ಇಡ್ತೇವ್ರಿ. ಮದುವ್ಯಾಗ ತಾಟಿನ್ಯಾಗ ಅಕ್ಕಿ ಹರವಿ ಹುಡುಗ ಉಂಗುರದ್ಲೆ ಬರೀತಾನ. ಮಹಾದೇವಿ ಭಾಳ ಹಳೀದಾತು, ಐಶ್ವರ್ಯಾ ಅಂತ ತಗದೇವಿ” ಎಂದರು. ಮಹಾದೇವಿ ನನ್ನ ತಾಯಿಯ ಹೆಸರು. ಮಗಳು ನನ್ನ ಮುಖ ನೋಡಿದಳು. ನಾನು “ಆತ್ರಿ” ಎಂದುಬಿಟ್ಟೆ. ಅಂದಿನಿಂದ ಅವಳು ನಗುವುದು ಕಡಿಮೆಯಾಗಿದೆ, ನನಗೆ ನಿದ್ದೆ ಕಡಿಮೆಯಾಗಿದೆ.

ಅಂಥ ಪದ್ಧತಿ ನಮ್ಮ ಮನೆಯಲ್ಲೂ ಇತ್ತು. ನನ್ನ ಹೆಂಡತಿ ಕಸ್ತೂರಿಯಾಗಿ ಬಂದವಳು, ಅಕ್ಕಿಯ ತಾಟಿನ ಮುಂದೆ ಸುಮಂಗಲಾ ಆದಳು. ನಿನ್ನೆ ಮಧ್ಯಾಹ್ನ ಆಕೆ ಪಡಸಾಲೆಯಲ್ಲಿ ಉಪ್ಪಿನಕಾಯಿಗೆ ಲಿಂಬೆ ಹೆಚ್ಚುತ್ತಿದ್ದಳು. ಹಿಂದಿನಿಂದ “ಕಸ್ತೂರಿ” ಎಂದು ಕರೆದೆ. ತಿರುಗಲಿಲ್ಲ. ಜೋರಾಗಿ ಕರೆದೆ. ಆಕೆ ಬಾಗಿಲ ಕಡೆ ನೋಡಿ, “ಯಾರ್ ಬಂದಾರ್ರಿ?” ಎಂದಳು.

“ಯಾರೂ ಬಂದಿಲ್ಲ, ನಿನ್ನs ಕರದ್ನಿ” ಎಂದೆ.

ಆಕೆಯ ಕೈ ನಿಂತಿತು. ಇಷ್ಟು ದಿನ ನಾನು ಹೊಸ ಹೆಸರು ನಾಲಿಗೆಗೆ ಹತ್ತುವುದಿಲ್ಲ ಎಂದು ಹೆದರುತ್ತಿದ್ದೆ. ಹೆದರಬೇಕಾದದ್ದು ಅದು ಹತ್ತಿಬಿಡುತ್ತದೆ ಎಂಬುದಕ್ಕೆ. ನಾಳೆ ನಾನು ಮಾದೇವಿ ಎಂದು ಕೂಗಿದರೆ ನನ್ನ ಮಗಳೂ ಬಾಗಿಲ ಕಡೆ ನೋಡುತ್ತಾಳೆ.

ಬಾಗೇವಾಡಿಗೆ ಫೋನು ಹಚ್ಚಿದೆ. ಬೀಗಿತ್ತಿ ಎತ್ತಿದರು. ಮಾತಿಗೆ ಮಾತು ಬೆಳೆದು ಸಂಬಂಧ ಮುರಿದರೆ? “ಅಲ್ಲಿ ಮಳಿ ಹೆಂಗೈತ್ರಿ?” ಎಂದು ಕೇಳಿದೆ. ಹೆಂಡತಿ ಫೋನು ಕಸಿದುಕೊಂಡು ಸ್ಪೀಕರಿಗೆ ಹಾಕಿದಳು.

“ಅಕ್ಕಾರ, ನಾ ಕಸ್ತೂರಿ ಮಾತಾಡಾಕತ್ತೇನ್ರಿ.”

“ಯಾವ ಕಸ್ತೂರಿರಿ?”

“ಮಾದೇವಿ ಅವ್ವರಿ. ನಿಮಗ ಗೊತ್ತಿಲ್ಲ, ನನಗೂ ಮರತಿತ್ತು. ಮಗಳಿಗೆ ಹಿಂಗಾಗೂದು ಬ್ಯಾಡ್ರಿ. ಆಕಿ ಹೆಸರ ಆಕಿಗೆ ಬಿಡ್ರಿ.”

ಕೆಟ್ಟೆ, ಮುಗಿಯಿತು ಎಂದು ನಾನು ಕಂಬ ಹಿಡಿದು ನಿಂತೆ. ಬೀಗಿತ್ತಿಯ ತಗ್ಗಿದ ದನಿ ಬಂತು.

“ಅಕ್ಕಿ ತಾಟಿನ ಮಾತು ನಾ ನೋಡ್ಕೋತೇನ್ರಿ. ತವರಮನ್ಯಾಗ ನನಗ ಶಾಂತಾ ಅಂತಿದ್ರು. ಈಗ ಹಂಗ ಕರಿಯೋರು ಯಾರೂ ಉಳದಿಲ್ಲ. ನೀವು ಒಮ್ಮಿ ಕರೀತೀರೇನು?”

“ಶಾಂತಕ್ಕಾ” ಎಂದಳು ನನ್ನ ಹೆಂಡತಿ.

ಅತ್ತ ಕಡೆಯಿಂದ “ಓ” ಬರಲು ತುಸು ಹೊತ್ತು ಹಿಡಿಯಿತು.