ಡೆನೀಸ್ ಸಿಗರೇಟು ಬಿಟ್ಟ ವರ್ಷ

ಲಾಂಗ್ಟನ್ ಎಂಬ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ನಾನು ಡೆನೀಸ್ ಮೇಚಿನ್ ಪಕ್ಕದ ಬೆಂಚಿನಲ್ಲಿ ಕೂತು ಕೆಲಸ ಮಾಡಿದ್ದೇನೆ. ನನ್ನದು ತಟ್ಟೆಗಳಿಗೆ ಹೂವಿನ ಚಿತ್ರ ಅಂಟಿಸುವ ಕೆಲಸ, ಅವಳದು ಅಂಚಿಗೆ ಚಿನ್ನದ ಗೆರೆ ಎಳೆಯುವುದು. ಚಕ್ರದ ಮೇಲೆ ಬಸಿ ಇಟ್ಟು ಎಡಗೈಯಲ್ಲಿ ತಿರುಗಿಸುತ್ತ, ಬಲಗೈಯ ಕುಂಚವನ್ನು ಅಂಚಿಗೆ ತಾಗಿಸಿ ಸುಮ್ಮನೆ ಹಿಡಿಯುತ್ತಿದ್ದಳು. ಗೆರೆ ತಾನಾಗಿಯೇ ಸುತ್ತು ಬಂದು ಹೊರಟ ಜಾಗಕ್ಕೆ ಸೇರುತ್ತಿತ್ತು. ನಾನೊಮ್ಮೆ ಕೈಯಾಡಿಸಿ ನೋಡಿದ್ದೆ. ಬಸವನಹುಳು ಹರಿದ ಹಾಗಾಗಿತ್ತು.

ಅವಳು ಹದಿನೈದನೇ ವಯಸ್ಸಿಗೆ ಕಾರ್ಖಾನೆಗೆ ಸೇರಿದವಳು. ಸೇರಿದ ವಾರವೇ ಹಿರಿಯ ಹೆಂಗಸೊಬ್ಬಳು ಕೊಟ್ಟ ಸಿಗರೇಟು ಹಚ್ಚಿದಳಂತೆ. ಆಮೇಲೆ ನಲವತ್ತಾರು ವರ್ಷ, ದಿನಕ್ಕೆ ಇಪ್ಪತ್ತು. ಹತ್ತು ಗಂಟೆಗೆ, ಹನ್ನೆರಡೂವರೆಗೆ, ಮೂರಕ್ಕೆ, ಪ್ಯಾಕಿಂಗ್ ವಿಭಾಗದ ಬೆವ್ ಜೊತೆ ಹಿಂಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಬೆವ್ ಅವಳಿಗೆ ಶಾಲೆಯ ಕಾಲದ ಗೆಳತಿ. ಇಬ್ಬರೂ ಅಲ್ಲಿ ಮಾತಾಡುತ್ತಿದ್ದದ್ದು ಕಡಿಮೆ, ನಿಲ್ಲುತ್ತಿದ್ದದ್ದೇ ಹೆಚ್ಚು.

ಅವಳ ಗಂಡ ಡೆರಿಕ್ ಬೇರೊಂದು ಕಾರ್ಖಾನೆಯಲ್ಲಿ ಭಟ್ಟಿಗೆ ಪಾತ್ರೆ ತುಂಬುತ್ತಿದ್ದವನು. ಧೂಳೂ ಸಿಗರೇಟೂ ಸೇರಿ ಅವನ ಎದೆಯನ್ನು ತಿಂದುಹಾಕಿದ್ದವು. ಡೆನೀಸ್‌ಗಿಂತ ಎರಡು ವರ್ಷ ಮುಂಚೆ, ಆಸ್ಪತ್ರೆಗೆ ಸೇರಿದಾಗ ಸಿಗರೇಟು ಬಿಟ್ಟ, ಬಿಟ್ಟ ಅನ್ನುವುದಕ್ಕಿಂತ ಎಳೆಯಲು ಉಸಿರೇ ಉಳಿದಿರಲಿಲ್ಲ. ಡೆನೀಸ್ ಬಿಟ್ಟ ವರ್ಷ ಜನವರಿಯಲ್ಲಿ ಅವನಿಗೆ ಮನೆಯಲ್ಲೇ ಆಕ್ಸಿಜನ್ ಕೊಡಬೇಕು ಎಂದಾಯಿತು. ಯಂತ್ರ ಜೋಡಿಸಲು ಬಂದ ಹೆಂಗಸು ಕಾಗದ ಸಿಕ್ಕಿಸಿದ ರಟ್ಟು ಹಿಡಿದು ಮನೆಯೆಲ್ಲ ಸುತ್ತಿದಳು.

"ಮನೇಲಿ ಸಿಗರೇಟು ಸೇದೋರು ಯಾರು?"

ಡೆರಿಕ್ ಬೆರಳು ಎತ್ತಿ ಹೆಂಡತಿಯ ಕಡೆ ತೋರಿಸಿದ.

"ಒಳ್ಳೆ ಗಂಡ ನೀನು," ಎಂದಳು ಡೆನೀಸ್. "ನಾನು ಹಿಂದುಗಡೆ ಮೆಟ್ಟಿಲ ಮೇಲೆ ನಿಂತು ಸೇದ್ತೀನಿ. ಒಳಗಲ್ಲ."

"ನಿಮ್ಮ ಸ್ವೆಟರ್ ಇಡೀ ದಿನ ಒಳಗೇ ಇರುತ್ತಲ್ಲ ಡಕ್," ಎಂದಳು ಆ ಹೆಂಗಸು. ನಮ್ಮೂರಲ್ಲಿ ಬಸ್ಸಿನ ಡ್ರೈವರಿಂದ ಡಾಕ್ಟರವರೆಗೆ ಎಲ್ಲರಿಗೂ ಎಲ್ಲರೂ 'ಡಕ್'. "ಆಕ್ಸಿಜನ್ ಬಟ್ಟೆಗೆ ಹಿಡ್ಕೊಳುತ್ತೆ. ಸೋಫಾಗೆ, ಪರದೆಗೆ, ನಿಮ್ಮ ಕೂದಲಿಗೆ. ಒಂದು ಕಿಡಿ ಸಾಕು. ಹೊರಗೆ ಹೋದ್ರೂ ಇಪ್ಪತ್ತು ನಿಮಿಷ ಗಾಳಿಗೆ ನಿಂತು ಆಮೇಲೆ ಹಚ್ಚಿ. ಮನೆಯೊಳಗೆ ಸೇದಿದ್ದು ಗೊತ್ತಾದ್ರೆ ಯಂತ್ರ ವಾಪಸ್ ತಗೊಂಡು ಹೋಗ್ಬೇಕಾಗುತ್ತೆ. ನನ್ನ ಬೈಬೇಡಿ, ನಿಯಮ ಹಾಗಿದೆ."

ಡೆನೀಸ್ ಯಾರನ್ನೂ ಬೈಯಲಿಲ್ಲ. ಒಂಬತ್ತು ದಿನ ಹಾಗೆಯೇ ಮಾಡಿದಳು. ಕೆಲಸ ಮುಗಿಸಿ ಬಂದು, ಡೆರಿಕ್‌ಗೆ ಊಟ ಕೊಟ್ಟು, ಜನವರಿಯ ಚಳಿಯಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ನಿಂತು, ಆಮೇಲೆ ಒಂದು ಹಚ್ಚಿ, ನಡುಗುತ್ತ ಸೇದಿ ಒಳಗೆ ಬರುತ್ತಿದ್ದಳು. ಹತ್ತನೇ ದಿನ ನನ್ನ ಪಕ್ಕ ಕೂತು ಕುಂಚ ಕೆಳಗಿಟ್ಟು ಹೇಳಿದಳು:

"ಬಿಡ್ಬೇಕು ಅಂತ ಆಸೆಯಿಂದ ಅಲ್ಲ ಕಣೆ. ನಿಂತು ನಿಂತು ಸಾಕಾಗಿದೆ."

ಹಿಂದೆಯೂ ಬಿಡಲು ನೋಡಿದ್ದಳು. ನಿಕೋಟಿನ್ ಪಟ್ಟಿ ಅಂಟಿಸಿದಲ್ಲೆಲ್ಲ ಚರ್ಮ ಕೆಂಪಾಗಿ ಉಬ್ಬಿತ್ತು. ಚೂಯಿಂಗ್ ಗಮ್ ಅವಳ ಕಟ್ಟಿಸಿದ ಹಲ್ಲಿಗೆ ಮೆತ್ತಿಕೊಂಡಿತ್ತು. ಏನೂ ಇಲ್ಲದೆ ನಾಲ್ಕು ದಿನ ಇದ್ದಾಗ ಕೈ ನಡುಗಿ ಎರಡು ಡಜನ್ ಬಸಿಗಳ ಗೆರೆ ಸೊಟ್ಟಗಾಗಿ, ಮೇಲ್ವಿಚಾರಕಿ ಅವನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಿದ್ದಳು. ಡೆನೀಸ್‌ಗೆ ಎದೆಯ ಭಯಕ್ಕಿಂತ ಕೈಯ ಭಯ ದೊಡ್ಡದು.

ವೇಪ್, ಅಂದರೆ ಬ್ಯಾಟರಿ ಸಿಗರೇಟು, ಸೇದಿ ನೋಡು ಎಂದದ್ದು ಬೆವ್. ತನ್ನ ಅಳಿಯ ಬಳಸಿ ಮೂಲೆಗೆ ಹಾಕಿದ್ದೊಂದನ್ನು ಚೀಲದಲ್ಲಿ ತಂದಳು. ಇಟ್ಟಿಗೆಯಷ್ಟು ಭಾರ, ಎರಡು ಬ್ಯಾಟರಿ, ಮೇಲೆ ಗಾಜಿನ ಬುರುಡೆ, ಅದರೊಳಗೆ ಮಾವಿನ ವಾಸನೆಯ ದ್ರವ. ಗುಂಡಿ ಒತ್ತಿದರೆ ದ್ರವ ಕಾದು ಹಬೆಯಾಗುತ್ತದೆ, ಅದನ್ನು ಎಳೆದುಕೊಳ್ಳಬೇಕು. ಡೆನೀಸ್ ಸಿಗರೇಟಿನ ಹಾಗೇ ಜೋರಾಗಿ ಎಳೆದಳು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದಳು. ಹಿಂಬಾಗಿಲ ತುಂಬ ಬಿಳಿ ಮೋಡ.

"ದಾರಿ ಬಿಡಿ, ರೈಲು ಬಂತು!" ಎಂದು ಬೆವ್ ಕೂಗಿದಳು.

"ನಿನ್ನ ಅಳಿಯ ನನ್ನ ಸಾಯಿಸೋಕೆ ಕೊಟ್ಟಿದಾನೆ."

"ಅವನಿಗೆ ನನ್ನ ಸಾಯಿಸೋ ಆಸೆ ಇರೋದು. ನೀನು ಮಧ್ಯೆ ಸಿಕ್ಕಿಹಾಕ್ಕೊಂಡೆ ಅಷ್ಟೆ."

ಆ ಶನಿವಾರ ಡೆನೀಸ್ ನನ್ನನ್ನು ಕರೆದುಕೊಂಡು ಮಾರುಕಟ್ಟೆ ಬೀದಿಯ ಕ್ಲೈವ್ ಬಾಸನ್ಸ್ ಎಂಬವನ ವೇಪ್ ಅಂಗಡಿಗೆ ಹೋದಳು. ಮೊದಲು ಅಲ್ಲಿ ಉಣ್ಣೆ ನೂಲು ಮಾರುತ್ತಿದ್ದರು, ಈಗ ಗೋಡೆ ತುಂಬ ಸಣ್ಣ ಬಾಟಲಿಗಳು. ಕ್ಲೈವ್ ಅರವತ್ತರ ಹತ್ತಿರದ ದಪ್ಪ ಮನುಷ್ಯ, ಲಾರಿ ಓಡಿಸುತ್ತಿದ್ದವನು, ತಾನೂ ದಿನಕ್ಕೆ ನಲವತ್ತು ಸೇದಿ ಬಿಟ್ಟವನು. ಡೆನೀಸ್ ಬಾಗಿಲಲ್ಲೇ ನಿಂತಳು.

"ನನಗೆ ಏನೂ ಗೊತ್ತಿಲ್ಲ. ಕೆಮ್ಮು ಬರದೇ ಇರೋದೊಂದು ಕೊಡಿ, ಹೋಗ್ತೀನಿ."

"ಕೂತ್ಕೊಳ್ಳಿ ಡಕ್. ದಿನಕ್ಕೆಷ್ಟು?"

"ಇಪ್ಪತ್ತು."

"ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು?"

"ಎದ್ದು ಅಂದ್ರೆ? ಕಣ್ಣು ಬಿಡೋಕೆ ಮುಂಚೆ."

ಕ್ಲೈವ್ ನಕ್ಕ. "ಹೊಗೆ ಸೀದಾ ಎದೆಗೆ ಎಳೀತೀರೋ, ಬಾಯಲ್ಲಿ ನಿಲ್ಲಿಸಿ ಆಮೇಲೆ ಒಳಗೆ ತಗೋತೀರೋ?"

"ಯಾರಿಗ್ಗೊತ್ತು? ನಲವತ್ತಾರು ವರ್ಷದಲ್ಲಿ ಒಂದಿನಾನೂ ನೋಡ್ಕೊಂಡಿಲ್ಲ."

ಅವಳ ಪ್ಯಾಕೆಟ್ಟಿನಿಂದಲೇ ಒಂದು ಸಿಗರೇಟು ತೆಗೆಸಿ, ಹಚ್ಚದೆ ಎಳೆದು ತೋರಿಸಲು ಹೇಳಿದ. ಅವಳು ಎಳೆದಳು. ಮೊದಲು ಕೆನ್ನೆ ಒಳಗೆ ಹೋಯಿತು, ಒಂದು ಕ್ಷಣ ನಿಂತಿತು, ಆಮೇಲೆ ಎದೆ ಏರಿತು.

"ನೋಡಿ, ಬಾಯಲ್ಲಿ ನಿಲ್ಲಿಸ್ತೀರಿ. ಆ ಇಟ್ಟಿಗೆಯಂಥದ್ದು ಸೀದಾ ಎದೆಗೆ ಎಳೆಯೋರಿಗೆ. ನಿಮಗೆ ಬೇಕಾಗಿರೋದು ಸಣ್ಣದು, ಬಿಗಿಯಾಗಿ ಎಳೆಯೋದು." ಅವನು ಗಾಜಿನ ಕಪಾಟಿನಿಂದ ಹುಬ್ಬಿನ ಪೆನ್ಸಿಲಿಗಿಂತ ತುಸು ದಪ್ಪದ ಕಪ್ಪು ಕೊಳವೆಯೊಂದನ್ನು ತೆಗೆದ. "ಒಂದೇ ಗುಂಡಿ. ಮೇಲಿಂದ ದ್ರವ ತುಂಬೋದು. ನಿಕೋಟಿನ್ ಹದಿನೆಂಟರದ್ದು ತಗೊಳ್ಳಿ."

"ಹದಿನೆಂಟು ಅಂದ್ರೆ ಜಾಸ್ತಿನಾ?"

"ಜಾಸ್ತೀನೇ. ಕಡಿಮೆ ತಗೊಂಡು ಹೋದೋರು ಮೂರನೇ ದಿನಕ್ಕೆ ಸಿಗರೇಟು ಹಚ್ತಾರೆ. ಮೊದಲು ಸಿಗರೇಟು ಬಿಡಿ, ನಿಕೋಟಿನ್ ಆಮೇಲೆ ನೋಡ್ಕೊಳ್ಳೋಣ."

ರುಚಿ ಆರಿಸುವುದೇ ದೊಡ್ಡ ರಗಳೆಯಾಯಿತು. ತಂಬಾಕಿನದು ಎಂದು ಬರೆದಿದ್ದನ್ನು ಎಳೆದು, ಒದ್ದೆ ಕಂಬಳಿ ನೆಕ್ಕಿದ ಹಾಗಿದೆ ಎಂದಳು. ಸ್ಟ್ರಾಬೆರಿಯದು ಬೊಂಬೆಯ ಕೂದಲ ವಾಸನೆ. ಕೊನೆಗೆ ಪುದೀನದ್ದು ಎಳೆದು ಕೆಮ್ಮಲಿಲ್ಲ. ಇಷ್ಟವೆಂದೂ ಹೇಳಲಿಲ್ಲ.

"ಇದರಲ್ಲಿ ಹತ್ತಿಯ ಬತ್ತಿ ಇದೆ," ಎಂದ ಕ್ಲೈವ್. "ಹೊಸ ಬತ್ತಿ ಹಾಕಿದಾಗ ದ್ರವ ತುಂಬಿ ಹತ್ತು ನಿಮಿಷ ಬಿಡಿ, ನೆನೀಲಿ. ಇಲ್ದಿದ್ರೆ ಸುಟ್ಟುಹೋಗುತ್ತೆ."

ಹೊರಡುವಾಗ ಡೆನೀಸ್ ತನ್ನಷ್ಟಕ್ಕೇ ಎಂಬಂತೆ, ಇನ್ನು ಮೆಟ್ಟಿಲ ಮೇಲೆ ನಿಲ್ಲೋದು ತಪ್ಪಿತು, ಆಕ್ಸಿಜನ್ ಇದ್ರೂ ಒಳಗೇ ಸೇದಬಹುದು ಎಂದಳು. ಕ್ಲೈವ್ ಅವಳ ಕೈಯಿಂದ ಪೊಟ್ಟಣ ವಾಪಸ್ ತೆಗೆದುಕೊಂಡ.

"ಆಕ್ಸಿಜನ್ ಯಾರಿಗೆ?"

ಅವಳು ಹೇಳಿದಳು.

"ಹಾಗಾದ್ರೆ ಕೇಳಿ. ಇದರಲ್ಲೂ ಕಾಯೋ ತಂತಿ ಇದೆ, ಬ್ಯಾಟರಿ ಇದೆ. ಒಳಗೆ ಸೇದಬೇಡಿ. ಚಾರ್ಜಿಗೂ ಮನೇಲಿ ಹಾಕಬೇಡಿ. ಸಿಗರೇಟಿನ ಹಾಗೇ, ಹೊರಗೇ."

ಡೆನೀಸ್ ಕುರ್ಚಿಯ ಮೇಲೆ ಮತ್ತೆ ಕೂತಳು.

"ಹಾಗಾದ್ರೆ ನನಗೇನು ಲಾಭ?"

"ಇದನ್ನ ಕಡಿಮೆ ಮಾಡ್ತಾ ಹೋಗಬಹುದು. ಅದೊಂದೇ. ಬೇಡ ಅಂದ್ರೆ ಬೇಸರ ಇಲ್ಲ, ಎದ್ದು ಹೋಗಿ."

"ಕೊಡಿ ಇತ್ಲಾಗೆ," ಎಂದಳು.

ಚಾರ್ಜರನ್ನು ಕಾರ್ಖಾನೆಯ ಊಟದ ಕೋಣೆಯಲ್ಲಿ, ಕೆಟಲ್ ಪಕ್ಕ ಇಟ್ಟಳು. ಮೊದಲ ಬತ್ತಿಯನ್ನು ಹತ್ತು ನಿಮಿಷ ಕಾಯದೆ ಎಳೆದು ಸುಟ್ಟಳು. ಸುಟ್ಟ ಹತ್ತಿಯ ರುಚಿ ಎರಡು ದಿನ ಬಾಯಿಂದ ಹೋಗಲಿಲ್ಲವಂತೆ. ಎರಡನೆಯದಕ್ಕೆ ಗಡಿಯಾರ ನೋಡುತ್ತ ಕೂತಳು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ವೇಪೂ ಸಿಗರೇಟೂ ಎರಡೂ ಬೇಕಾಗಿದ್ದವು: ಹಗಲು ಪುದೀನ, ಬೆಳಿಗ್ಗೆದ್ದ ಕೂಡಲೇ ಸಿಗರೇಟು. ಬೆವ್ ಹಿಂಬಾಗಿಲಲ್ಲಿ ಮುಖ ಊದಿಸಿಕೊಂಡು ನಿಲ್ಲುತ್ತಿದ್ದಳು.

"ಹಲ್ಲುಜ್ಜೋ ಪೇಸ್ಟ್ ಜೊತೆ ನಿಂತ ಹಾಗಿದೆ," ಎಂದಳು ಒಂದು ದಿನ.

"ಹಾಗಾದ್ರೆ ನೀನೂ ಬಿಡು."

"ಎಲ್ಲರೂ ಬಿಟ್ರೆ ಇಲ್ಲಿ ನಿಲ್ಲೋರು ಯಾರು?"

ಬೆವ್ ತಮಾಷೆಗೆ ಹೇಳಿದ್ದಲ್ಲ. ಡೆನೀಸ್‌ಗೂ ಅದು ಗೊತ್ತಿತ್ತು. ಆಮೇಲೂ ಮೂರು ಹೊತ್ತೂ ಅವಳ ಪಕ್ಕಕ್ಕೆ ಹೋಗಿ ನಿಂತಳು.

ಮನೆಯಲ್ಲಿ ಡೆರಿಕ್ ಸುಲಭದ ಮನುಷ್ಯನಾಗಿರಲಿಲ್ಲ. ಅವನ ಮೂಗಿನ ಕೊಳವೆ ಮುಂದಿನ ಕೋಣೆಯ ಯಂತ್ರದಿಂದ ಅಡುಗೆಮನೆಯ ಹಿಂಬಾಗಿಲವರೆಗೆ ಮುಟ್ಟುತ್ತಿತ್ತು, ಅಲ್ಲಿಂದಾಚೆ ಇಲ್ಲ. ಡೆನೀಸ್ ಹೊರಗೆ ಮೆಟ್ಟಿಲ ಮೇಲೆ ಹಬೆ ಬಿಡುತ್ತ ನಿಂತರೆ ಅವನು ಮುಚ್ಚಿದ ಬಾಗಿಲ ಗಾಜಿನ ಹಿಂದೆ ನಿಂತು ನೋಡುತ್ತಿದ್ದ. ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ, ನಾನು ಅವರಿಗೆ ನಮ್ಮೂರ ಓಟ್ ದೋಸೆ ಕೊಡಲು ಹೋಗಿದ್ದಾಗ, ಅವನು ಗಾಜು ತಟ್ಟಿದ.

"ಒಂದೇ ಒಂದು ದಮ್ಮು ಕೊಡೇ."

"ಇಲ್ಲ ಡೆರಿಕ್."

"ಸಿಗರೇಟಲ್ವಲ್ಲ. ಹಬೆ ಅಂತೀಯಲ್ಲ ನೀನೇ. ಸೇದಿ ಸೇದಿ ಸಾಯ್ತಾ ಇರೋನಿಗೆ ಒಂದು ದಮ್ಮು ಹಬೆ ಕೊಟ್ರೆ ಏನಾಗುತ್ತೆ?"

"ಮೂಗಲ್ಲಿ ಕೊಳವೆ ಇಟ್ಕೊಂಡು ಕೇಳ್ತಿದೀಯ. ಮನೆ ಹತ್ಕೊಂಡು ಉರಿಯುತ್ತೆ."

"ಉರೀಲಿ. ನಲವತ್ತು ವರ್ಷ ಭಟ್ಟಿ ಮುಂದೆ ನಿಂತೋನು ನಾನು. ಈಗ ನಾಯಿ ಥರ ಹಗ್ಗ ಕಟ್ಟಿದಾರೆ, ನೀನು ಹಗ್ಗದ ಆಚೆ ನಿಂತು ತಿಂದು ತೋರಿಸ್ತಿದೀಯ."

ಡೆನೀಸ್ ವೇಪನ್ನು ಮೆಟ್ಟಿಲ ಪಕ್ಕದ ಹೂಕುಂಡದಲ್ಲಿಟ್ಟು, ಸ್ವೆಟರ್ ಕೊಡವಿ, ಒಳಗೆ ಹೋಗಿ ಅವನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಇಬ್ಬರೂ ಓಟ್ ದೋಸೆ, ಚೀಸು ತಿಂದರು. ಅವನಿಗೆ ಅರ್ಧವೂ ಹೋಗಲಿಲ್ಲ. ಉಳಿದದ್ದನ್ನು ಅವಳು ತಿಂದಳು. ಅಂದಿನಿಂದ ಅವನು ಎಚ್ಚರವಿರುವಾಗ ಅವಳು ಮೆಟ್ಟಿಲಿಗೆ ಹೋಗಲಿಲ್ಲ. ಸಂಜೆ ಅವನಿಗೆ ಜೊಂಪು ಹತ್ತುವವರೆಗೆ ಕಾಯುತ್ತಿದ್ದಳು, ಬೆಳಗಿನ ಸಿಗರೇಟನ್ನು ಬಸ್ ನಿಲ್ದಾಣಕ್ಕೆ ಮುಂದೂಡಿದಳು. ಬಸ್ಸು ಬೇಗ ಬಂದ ದಿನಗಳಲ್ಲಿ ಅದೂ ತಪ್ಪುತ್ತಿತ್ತು. ಮೇ ತಿಂಗಳ ನಡುವಿನಲ್ಲೆಲ್ಲೋ ಪ್ಯಾಕೆಟ್ ಮುಗಿಯಿತು, ಹೊಸದು ತರಲಿಲ್ಲ. ಯಾವ ದಿನ ಎಂದು ಅವಳಿಗೇ ನೆನಪಿಲ್ಲ.

"ಕೈ ಹೇಗಿದೆ?" ಎಂದು ನಾನು ಕೇಳಿದ್ದೆ.

ಗೆರೆ ಎಳೆದು ಮುಗಿಸಿದ ಬಸಿಯನ್ನು ನನ್ನ ಕಡೆ ತಿರುಗಿಸಿದಳು. ಗೆರೆ ಸರಿಯಿತ್ತು.

"ಕೈಗೇನಾಗಿದೆ? ಮಿಕ್ಕಿದ್ದೆಲ್ಲ ಸುಸ್ತಾಗಿದೆ."

ಡೆರಿಕ್ ಅಕ್ಟೋಬರ್‌ನಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಕೊನೆಯ ವಾರ ಅವನಿಗೆ ಮಾತಾಡಲು ಉಸಿರಿರಲಿಲ್ಲ. ಡೆನೀಸ್ ದಿನವೂ ಕೆಲಸ ಮುಗಿಸಿ ಹೋಗಿ ಕೈ ಹಿಡಿದು ಕೂತು ಬರುತ್ತಿದ್ದಳು. ಅಂತ್ಯಕ್ರಿಯೆಗೆ ಮುಂಚೆಯೇ ಆಕ್ಸಿಜನ್‌ನವರು ಬಂದು ಯಂತ್ರವನ್ನೂ ಕೊಳವೆಯನ್ನೂ ಸುತ್ತಿಕೊಂಡು ಹೋದರು. ಮುಂದಿನ ಕೋಣೆಯಲ್ಲಿ ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದ ಸದ್ದು ನಿಂತಿತು. ಇನ್ನು ಆ ಮನೆಯೊಳಗೆ ಏನು ಹಚ್ಚಿದರೂ ಬೇಡ ಎನ್ನುವವರು ಯಾರೂ ಇರಲಿಲ್ಲ.

ಸ್ಮಶಾನದಿಂದ ಬಂದು ಪಬ್ಬಿನ ಹಿಂದಿನ ಅಂಗಳದಲ್ಲಿ ನಿಂತಿದ್ದಾಗ ಬೆವ್ ಪ್ಯಾಕೆಟ್ ಮುಂದೆ ಹಿಡಿದಳು. ಡೆನೀಸ್ ಒಂದು ತೆಗೆದು ಹಚ್ಚಿದಳು. ಆ ಮಧ್ಯಾಹ್ನ ನಾಲ್ಕು ಸೇದಿದಳು, ನಾನು ನೋಡಿದ್ದೇನೆ. ಚೆನ್ನಾಗಿತ್ತಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಅವಳೇ ಹೇಳಿದಳು:

"ಚೆನ್ನಾಗೇ ಇತ್ತು. ಅದೇ ಕಷ್ಟ."

ಮರುದಿನ ಬೆಳಿಗ್ಗೆ ಕ್ಲೈವ್ ಅಂಗಡಿ ತೆರೆಯುವ ಮೊದಲೇ ಬಾಗಿಲ ಮುಂದೆ ನಿಂತಿದ್ದಳು. ಅವನಿಗೆ ನಾಲ್ಕು ಸಿಗರೇಟಿನ ವಿಷಯ ಹೇಳಿದಳು. "ನಾಲ್ಕೇನಾ? ನಮ್ಮಪ್ಪ ಸತ್ತಾಗ ನಾನು ಎರಡು ತಿಂಗಳು ಸೇದಿದೆ," ಎಂದು ಅವನು ಎರಡು ಬತ್ತಿ, ಒಂದು ಬಾಟಲಿ ಕಟ್ಟಿಕೊಟ್ಟ. ನಿಕೋಟಿನ್ ಇಳಿಸಿ ಹನ್ನೆರಡರದ್ದು ಕೊಡಲಾ ಎಂದ. ಈ ತಿಂಗಳು ಬೇಡ, ಹದಿನೆಂಟೇ ಇರಲಿ ಎಂದಳು.

ಹನ್ನೆರಡಕ್ಕೆ ಇಳಿದದ್ದು ಕ್ರಿಸ್‌ಮಸ್‌ಗೆ ಮುಂಚೆ. ಅಲ್ಲಿಗೇ ನಿಂತಿದ್ದಾಳೆ. ಸಿಗರೇಟು ಬಿಟ್ಟೆ ಎಂದು ಯಾರ ಮುಂದೆಯೂ ಹೇಳಿಕೊಂಡದ್ದಿಲ್ಲ. ಡಿಸೆಂಬರ್‌ನಲ್ಲಿ ಚಿಕಿತ್ಸಾಲಯದ ನರ್ಸ್ ಅವಳನ್ನು ಉಸಿರು ಪರೀಕ್ಷೆಗೆ ಕರೆದಿದ್ದಳು, ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಹದಿನೈದು ಎಣಿಸುವವರೆಗೆ ಉಸಿರು ಹಿಡಿದು ಸಣ್ಣ ಯಂತ್ರಕ್ಕೆ ಊದಬೇಕು, ಒಳಗೆ ಹೊಗೆಯ ವಿಷ ಎಷ್ಟಿದೆ ಎಂದು ಅದು ಹೇಳುತ್ತದೆ. ಡೆನೀಸ್ ಊದಿದಳು. ಎರಡು ಎಂದು ಬಂತು.

"ಎರಡು! ಸಿಗರೇಟೇ ಮುಟ್ಟದೇ ಇರೋರದ್ದು ಹೀಗೆ ಬರೋದು," ಎಂದಳು ನರ್ಸ್ ಸಂತೋಷದಿಂದ. "ಈಗ ಹೇಗನ್ನಿಸ್ತಿದೆ ನಿಮಗೆ?"

ಡೆನೀಸ್ ಕೈಚೀಲವನ್ನು ನೆಲಕ್ಕೆ ಇಳಿಸಿದಳು.

"ಸುಸ್ತಾಗಿದೆ. ಇಲ್ಲೇ ಸ್ವಲ್ಪ ಹೊತ್ತು ಕೂತಿರಲಾ ಡಕ್? ಬೇರೆಯವರು ಬರೋ ಹಾಗಿದ್ರೆ ಏಳ್ತೀನಿ."

ಯಾರೂ ಬರುವವರಿರಲಿಲ್ಲ. ನರ್ಸ್ ಬಾಗಿಲು ಅರ್ಧ ಮುಂದೆ ಮಾಡಿ, ನಮಗಿಬ್ಬರಿಗೂ ಚಹಾ ತರಲು ಹೋದಳು.