ಬೀಗರ ಮನೆಯಲ್ಲಿ ಹೊಡೆದ ಗೋಲು

ಅತ್ತೆಯ ಫೋನಿನ ಗಾಜಿನ ಮೇಲೆ ಜೋಳದ ಹಿಟ್ಟಿನ ಒಂದು ಬೆರಳಚ್ಚು ಯಾವಾಗಲೂ ಇರುತ್ತಿತ್ತು. ಬೆಳಿಗ್ಗೆ ರೊಟ್ಟಿ ಬಡಿಯಲು ಕೂತರೆ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸುವರು. ಆಳಂದದ ನಮ್ಮ ಅಡುಗೆಮನೆಯಲ್ಲಿ ಹಂಚು ಕಾಯುವಷ್ಟರಲ್ಲಿ, ಹಿಂದಿನ ದಿನ ಯುರೋಪಿನ ಯಾವುದೋ ಊರಲ್ಲಿ ಆಡಿ ಮುಗಿದಿದ್ದ ಫುಟ್‌ಬಾಲ್ ಪಂದ್ಯ ಅವರ ಪಾಲಿಗೆ ಆಗಷ್ಟೇ ಶುರುವಾಗುತ್ತಿತ್ತು. ಅವರಿಗಿಂತ ಮೊದಲು ಫಲಿತಾಂಶವನ್ನು ಮನೆಯಲ್ಲಿ ಯಾರೂ ಬಾಯಿಬಿಡುವಂತಿರಲಿಲ್ಲ. ಒಮ್ಮೆ ನಮ್ಮ ಮನೆಯವರು ಹಲ್ಲುಜ್ಜುತ್ತಾ ಹೇಳಿಬಿಟ್ಟರು. ಅವತ್ತು ಅವರ ತಾಟಿನಲ್ಲಿ ರೊಟ್ಟಿ ಇತ್ತು, ಪಲ್ಯ ಇರಲಿಲ್ಲ.

ಕ್ರಿಕೆಟ್ ನೋಡಲೆಂದು ಮಗ ಹಾಕಿಕೊಟ್ಟಿದ್ದ ಆ್ಯಪಿನಲ್ಲಿ ಏನನ್ನೋ ತಪ್ಪಿ ಒತ್ತಿ ಅತ್ತೆ ಈ ಆಟಕ್ಕೆ ಬಿದ್ದದ್ದು. ಮೊದಲ ದಿನವೇ ಅವರಿಗೊಂದು ಅನುಮಾನ ಬಂತು: ಸೋತವರು ಯಾಕೆ ಅಳುತ್ತಿಲ್ಲ? ಕೊನೆಯ ಸುತ್ತುಗಳಲ್ಲಿ ಒಂದೇ ಜೋಡಿ ಎರಡು ಸಲ ಆಡುತ್ತದೆ, ಒಂದು ಇವರ ಊರಲ್ಲಿ, ಒಂದು ಅವರ ಊರಲ್ಲಿ, ಎರಡರ ಗೋಲನ್ನೂ ಕೂಡಿಸಿ ಆಮೇಲೆ ತೀರ್ಮಾನ ಎಂದು ಮಗ ವಿವರಿಸಿದರು. ಅತ್ತೆ ಹಿಟ್ಟಿನ ಕೈಯನ್ನು ಹಾಗೇ ನಿಲ್ಲಿಸಿ, "ಹಂಗಾದ್ರ ಇದು ನಮ್ಮ ಮಂದಿ ನ್ಯಾಯ ಮಾಡ್ದಂಗೇ ಆಯ್ತಲ್ಲ" ಅಂದರು.

ಅದು ನಿಜ. ಅವರ ಮನೆತನದಲ್ಲಿ ಗಂಡ ಹೆಂಡಿರ ಜಗಳ ಹಿರಿಯರ ತನಕ ಬಂದರೆ ಎರಡು ಸಲ ಕೂಡುತ್ತಾರೆ. ಮೊದಲು ಹೆಣ್ಣಿನ ತವರಿನಲ್ಲಿ, ಆಮೇಲೆ ಗಂಡಿನ ಮನೆಯಲ್ಲಿ. ಎರಡೂ ಕಡೆ ಉಣ್ಣಲೇಬೇಕು. ಮೊದಲ ಸಲ ಯಾರೂ ತೀರ್ಪು ಹೇಳಕೂಡದು. ತವರಿನಲ್ಲಿ ಕೇಳಬೇಕು, ನಮ್ಮ ಮನೆಯಲ್ಲಿ ಹೇಳಬೇಕು ಎಂಬುದು ಅತ್ತೆಯ ಮಾತು.

ಅವರಿಗೆ ಇಷ್ಟವಾದದ್ದು ಮೊದಲನೇ ಪಂದ್ಯಗಳೇ. "ಮೊದಲ್ನೇ ಆಟದಾಗ ಯಾರೂ ಮನಿಗಿ ಹೋಗಂಗಿಲ್ಲ. ನೋಡ್ಲಿಕ್ಕಿ ಜೀವಕ್ಕ ಹಗುರ" ಎನ್ನುವರು. ಎರಡನೆಯದನ್ನು ನಿಂತುಕೊಂಡು, ಅತ್ತಿತ್ತ ಓಡಾಡುತ್ತಾ, ಅರ್ಧ ಕಣ್ಣಲ್ಲಿ ನೋಡುವರು. ಲೆಕ್ಕ ಸಮವಾದರೆ ಪರಸ್ಥಳದಲ್ಲಿ ಹೊಡೆದ ಗೋಲಿಗೆ ಹಿಂದೆ ತೂಕ ಹೆಚ್ಚಿತ್ತಂತೆ, ಈಗ ಆ ನಿಯಮ ತೆಗೆದಿದ್ದಾರೆ ಎಂದು ತಿಳಿದಾಗ ಅವರಿಗೆ ಭಾರಿ ಸಿಟ್ಟು ಬಂತು. ಮಂದಿ ಮನೆಯಲ್ಲಿ ಹೊಡೆಯುವುದು ಸುಲಭವೇನು ಎಂದು ಎರಡು ದಿನ ಗೊಣಗಿದರು.

ಮದುವೆಯಾಗಿ ಎರಡು ವರ್ಷಕ್ಕೆ ನನಗೆ ಅಫಜಲಪುರದಲ್ಲಿ ನರ್ಸ್ ಕೆಲಸ ಸಿಕ್ಕಿತು. ದಿನಾ ಹೋಗಿ ಬರುವ ದಾರಿಯಲ್ಲ, ವಾರವೆಲ್ಲ ಅಲ್ಲೇ ಖೋಲಿ ಹಿಡಿದು ಇರಬೇಕು. ಮನೆಯವರು ಬೇಡ ಅಂದರು. ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಆ ಸುಮ್ಮನಿರುವಿಕೆಯೇ ನನ್ನನ್ನು ಹೆಚ್ಚು ಸುಟ್ಟಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಬಟ್ಟೆ ಕಟ್ಟಿಕೊಂಡು ಜೇವರ್ಗಿಯ ತವರಿಗೆ ಹೋಗಿ ಕೂತೆ. ಕೆಲಸಕ್ಕೆ ಸೇರಲು ಒಂದು ತಿಂಗಳಷ್ಟೇ ಉಳಿದಿತ್ತು.

ಹದಿನೈದು ದಿನಕ್ಕೆ ಅತ್ತೆ ಮಗನನ್ನೂ ಇಬ್ಬರು ಹಿರಿಯರನ್ನೂ ಕರೆದುಕೊಂಡು ಬಂದರು. ನಾನು ಇದ್ದದ್ದು ಇಲ್ಲದ್ದು ಎಲ್ಲ ಒದರಿದೆ. ಕೊನೆಗೆ ಎಲ್ಲರ ಮುಂದೆ, ಇವರು ಅತ್ತೆಯಲ್ಲ, ಬೀಸುಕಲ್ಲು, ಮನೆಗೆ ಬಂದವರನ್ನೆಲ್ಲ ಹಿಟ್ಟು ಮಾಡುತ್ತಾರೆ ಅಂದುಬಿಟ್ಟೆ. ಅಣ್ಣನೇ ಗಾಬರಿಯಾಗಿ ನನ್ನ ಬಾಯಿ ಮುಚ್ಚಿಸಲು ಎದ್ದ. ಅತ್ತೆ ಅವನನ್ನು ತಡೆದರು.

"ಆಕಿ ಮಾತು ಪೂರಾ ಆಗ್ಲಿ ಬಿಡ್ರಿ. ನಾ ಕೇಳ್ಲಿಕ್ಕಿ ಬಂದೀನಿ."

ಕೇಳಿದರು. ಎರಡು ರೊಟ್ಟಿ ಉಂಡರು. ಬಸ್‌ಸ್ಟ್ಯಾಂಡಿನ ತನಕ ನಮ್ಮವ್ವ ಒಬ್ಬಳೇ ಕಳಿಸಿಬರಲು ಹೋದಳು. ಬಸ್ಸಿನಲ್ಲಿ ಮಗ, ಎಲ್ಲ ಮುಗೀತವ್ವಾ ಎಂದು ತಲೆ ಹಿಡಿದು ಕೂತರಂತೆ. ಮೊದಲನೇ ಆಟ ಮುಗಿದಿದೆ, ಅಷ್ಟೇ ಅಂದರಂತೆ ಅತ್ತೆ.

ಹತ್ತು ದಿನದ ಮೇಲೆ ಆಳಂದದಲ್ಲಿ ಎರಡನೇ ಸಲ ಕೂಡಿದರು. ಮನೆಯವರ ಕಾಕಂದಿರು ನನ್ನ ಬೀಸುಕಲ್ಲಿನ ಮಾತನ್ನೇ ಹಿಡಿದು ಜಗ್ಗಾಡಲು ಸಜ್ಜಾಗಿ ಕೂತಿದ್ದರು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ನಡುವೆ ಕೂತರು.

"ಬ್ಯಾಡ ಅಂದಾಕಿ ನಾನು. ಒಬ್ಬಾಕಿ ಪರ ಊರಾಗ ಹ್ಯಾಂಗ ಇರ್ತಾಳಂತ ಅಂಜಿಕಿ ನನಗಿತ್ತು. ನನ್ನ ಮಾತು ಮಗನ ಬಾಯಿಲೆ ಹೇಳ್ಸೀನಿ. ತಪ್ಪು ನಂದು. ಸೋಮವಾರ ಆಕಿ ಕೆಲಸಕ್ಕ ಹೋಗ್ತಾಳ."

ತಮ್ಮ ಅವ್ವ ಸ್ವಂತ ಗೋಲಿಗೇ ಹೊಡೆದುಕೊಂಡಳು ಎಂದು ಮನೆಯವರು ಈಗಲೂ ಹೇಳುತ್ತಾರೆ. ಸೋಮವಾರ ಅತ್ತೆಯೇ ಹಂಚು, ಹಿಟ್ಟು ಹೊತ್ತುಕೊಂಡು ಅಫಜಲಪುರಕ್ಕೆ ಬಂದು ಖೋಲಿಯ ಬಾಗಿಲಿನ ಚಿಲಕವನ್ನು ನಾಲ್ಕು ಸಲ ಹಾಕಿ ತೆಗೆದು ನೋಡಿದರು.

ಆ ಬೀಸುಕಲ್ಲಿನ ಮಾತಿಗೆ ನಾನು ತಪ್ಪಾಯ್ತು ಅನ್ನಬೇಕಿತ್ತು. ಪ್ರತಿ ಶನಿವಾರ ಆಳಂದದ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅಡುಗೆಮನೆಗೆ ಹೋದರೆ ಅವರು ಆಟದ ಸುದ್ದಿ ತೆಗೆಯುತ್ತಿದ್ದರು, ನಾನು ಮುಂದಿನ ವಾರ ಹೇಳಿದರಾಯಿತು ಎಂದು ರೊಟ್ಟಿ ಬೇಯಿಸಲು ಕೂರುತ್ತಿದ್ದೆ. ಹೀಗೆಯೇ ಮೂರು ವರ್ಷ ಹೋಯಿತು.

ಈ ಸಲದ ಬೇಸಿಗೆ ಶುರುವಿನಲ್ಲಿ ಒಂದು ಗುರುವಾರ ಅತ್ತೆ ಫೋನ್ ಮಾಡಿ, ಒಂದು ತಂಡ ನಾಲ್ಕು ಗೋಲು ತಿಂದಿದೆ, ಆದರೂ ಅವರ ಊರಿನ ಆಟ ಬಾಕಿ ಇದೆ, ನೋಡೋಣ ಅಂದರು. ಭಾನುವಾರ ಬೆಳಿಗ್ಗೆ ಹಂಚಿನ ಮುಂದೆಯೇ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ವಾರ್ಡಿನಲ್ಲಿ ಹದಿನೆಂಟು ಜನರ ಎದೆಬಡಿತ ದಿನಾ ನೋಡುವ ನಾನು ಪಕ್ಕದ ಕೋಣೆಯಲ್ಲಿ ಮಲಗಿದ್ದೆ.

ದಿನಕರ್ಮಗಳು ಮುಗಿದ ಮೇಲೆ ಜೇವರ್ಗಿಗೆ ಹೋದೆ. ಅದೇ ಪಡಸಾಲೆಯಲ್ಲಿ ಅಣ್ಣನನ್ನೂ ಅವ್ವನನ್ನೂ ಕೂರಿಸಿಕೊಂಡು, ಇಲ್ಲಿ ನಾನಾಡಿದ್ದು ತಪ್ಪು ಎಂದೆ. ಹೇಳುತ್ತಾ ಅಳು ಬಂತು. ಈ ಸಲ ಅಣ್ಣ ತಡೆಯಲಿಲ್ಲ. ಅವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅವತ್ತು ಬಸ್ ಹತ್ತೂ ಮುಂದ ಬೀಗ್ತಿ ಏನಂದ್ರು, ನಿನಗ ಹೇಳಿಲ್ಲೇನು ಅವರು?"

ಇಲ್ಲ ಅಂದೆ.

"'ನಿಮ್ಮ ಮಗಳ ಬಾಯಿ ಭಾಳ ಜೋರದ, ಛಲೋ ಆಯ್ತು. ಹತ್ತು ಮಂದಿ ಮುಂದ ನನಗೇ ಅಂಜಲಿಲ್ಲ, ಪರ ಊರಾಗ ಯಾರಿಗಿ ಅಂಜ್ತಾಳ? ಕಳಸ್ತೀನಿ. ನಮ್ಮ ಮನ್ಯಾಗ ಹೇಳೂತನಕ ನೀವು ಹೇಳಬ್ಯಾಡ್ರಿ' ಅಂದ್ರು."

ನಿನಗೆ ಗೊತ್ತಿರಬೇಕು ಅಂದುಕೊಂಡಿದ್ದೆ ಎಂದಳು ಅವ್ವ. ನನಗೆ ಗೊತ್ತಿರಲಿಲ್ಲ. ಅವತ್ತು ನಾನು ಗೆದ್ದೆನೆಂದು ಬೀಗುತ್ತಾ ಈ ಪಡಸಾಲೆಯಲ್ಲಿ ಕೂತಿದ್ದಾಗ, ಅವರು ನಮ್ಮ ಊರಲ್ಲೇ ಒಂದು ಗೋಲು ಹೊಡೆದು ಬಸ್ ಹತ್ತಿ ಹೋಗಿದ್ದರು.